ಹದಿನೈದು ಕಿಲೋದೊಳಗಿನ ಸಮುದ್ರ

ನನ್ನ ಕಾಟಾದ ಬಗ್ಗೆ ಯಾರಾದರೂ ಒಂದು ಮಾತು ಆಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಊಟಿ ಕಡೆಯ ದೇವಾಲದ ನಮ್ಮ ಲೀಫ್ ಶೆಡ್ಡಿನಲ್ಲಿ ತೊಲೆಗೆ ನೇತುಹಾಕಿರುವ, ಗೋಡೆ ಗಡಿಯಾರದ ಹಾಗೆ ದುಂಡು ಮುಖದ ತೂಕದ ಕಾಟಾ ಅದು. ಸುತ್ತಲಿನ ಸಣ್ಣ ಬೆಳೆಗಾರರು ಕೊಯ್ದ ಟೀ ಎಲೆಯನ್ನು ಚೀಲಗಳಲ್ಲಿ ತರುತ್ತಾರೆ, ನಾನು ಕೊಕ್ಕೆಗೆ ಸಿಕ್ಕಿಸಿ ತೂಗುತ್ತೇನೆ, ಸಂಜೆಗೆ ಟೀ ಫ್ಯಾಕ್ಟರಿ ಲಾರಿ ಬಂದು ಒಯ್ಯುತ್ತದೆ. ಯಜಮಾನರು ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ನಾನು ಮಾಡಿದ್ದು ಇದೊಂದೇ ಕೆಲಸ. ಮುಳ್ಳನ್ನು ನಾನೇ ಓದಬೇಕು, ಬೇರೆಯವರು ಬಗ್ಗಿ ನೋಡಿದರೆ ಬೈಯುತ್ತಿದ್ದೆ. "ಆಯಮ್ಮನ ಬಾಯಿ ಕೆಟ್ಟದ್ದು, ಕಾಟಾ ಒಳ್ಳೇದು" ಅಂತ ಜನ ಆಡಿಕೊಳ್ಳುತ್ತಾರೆ. ಎರಡನ್ನೂ ನಾನು ಹೊಗಳಿಕೆ ಅಂತಲೇ ತಿಳಿದುಕೊಂಡಿದ್ದೆ.

ಆ ಕಾಟಾದಲ್ಲೇ ನಾನು ನನ್ನ ತಮ್ಮನ ಸಮುದ್ರದ ಚೀಲವನ್ನು ತೂಗಿದೆ.

ತಮ್ಮ ನನಗಿಂತ ಐದು ವರ್ಷ ಚಿಕ್ಕವನು. ನಾವು ಹುಟ್ಟಿದ್ದು ಊಟಿ ಹತ್ತಿರದ ಅರವಂಕಾಡಿನ ಮೇಲಿನ ಒಂದು ಹಟ್ಟಿಯಲ್ಲಿ. ಮನೆಯಲ್ಲಿ ಆಡುತ್ತಿದ್ದದ್ದು ಬಡಗ ಭಾಷೆ, ಅಂಗಡಿಯಲ್ಲಿ ತಮಿಳು. ಅಮ್ಮ ಗುಂಡ್ಲುಪೇಟೆ ಕಡೆಯಿಂದ ಬಂದವಳು, ನಮ್ಮಿಬ್ಬರಿಗೂ ಕನ್ನಡ ಅಕ್ಷರ ಕಲಿಸಿದ್ದು ಅವಳು. ನನ್ನನ್ನು ದೇವಾಲಕ್ಕೆ ಕೊಟ್ಟರು. ತಮ್ಮ ಕೆಳಗಿನ ಸಿಡಿಮದ್ದಿನ ಫ್ಯಾಕ್ಟರಿಗೆ ಕೆಲಸಕ್ಕೆ ಸೇರಿದ. ಮದುವೆ ಬೇಡ ಅಂದ. ನಾವೆಲ್ಲ ಬೈದು ಬೈದು ಸುಸ್ತಾದೆವು, ಅವನು ನಗುತ್ತಲೇ ಇದ್ದ.

ನಲವತ್ತು ದಾಟಿದ ಮೇಲೆ ಅವನಿಗೆ ಸಮುದ್ರದ ಹುಚ್ಚು ಹಿಡಿಯಿತು. ಜೊತೆಯ ಕೆಲಸಗಾರರೊಂದಿಗೆ ರಜೆಯಲ್ಲಿ ಅಂಡಮಾನಿಗೆ ಹೋಗಿದ್ದ. ಉಳಿದವರೆಲ್ಲ ದೋಣಿಯಲ್ಲಿ ಕೂತು ಫೋಟೋ ತೆಗೆಸಿಕೊಂಡರೆ, ಇವನು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಕ್ಕೆ ಇಳಿದಿದ್ದಾನೆ! ವಾಪಸು ಬಂದವನು ನೇರ ನನ್ನ ಅಡುಗೆಮನೆಗೆ ಬಂದು ಕೂತ. ಕಾಫಿ ಕೊಟ್ಟೆ, ಮುಟ್ಟದೆ ಆರಿಸಿಬಿಟ್ಟ.

"ಏನೋ, ದೆವ್ವ ಕಂಡವನ ಹಾಗೆ ಕೂತಿದ್ದೀಯ?" ಅಂದೆ.

"ಅಲ್ಲಿ ಸದ್ದೇ ಇಲ್ಲ ಅಕ್ಕ," ಅಂದ. "ನನ್ನ ಉಸಿರು ಬಿಟ್ಟರೆ ಬೇರೆ ಏನೂ ಕೇಳಿಸಲ್ಲ."

ಇಪ್ಪತ್ತು ವರ್ಷ ಯಂತ್ರದ ಸದ್ದಿನ ಮಧ್ಯೆ, ಎಲ್ಲಿ ಕಿಡಿ ಹಾರುತ್ತದೋ ಅಂತ ಜೀವ ಕೈಯಲ್ಲಿ ಹಿಡಿದು ದುಡಿದವನು ಅವನು. ಆ ಮಾತಿನ ಅರ್ಥ ನನಗೆ ಆಗಬೇಕಿತ್ತು, ಆಗಲಿಲ್ಲ. "ಬೆಟ್ಟದಲ್ಲಿ ಹುಟ್ಟಿದವರಿಗೆ ಸಮುದ್ರ ಯಾಕೋ? ನಮ್ಮ ಹಟ್ಟಿಯಲ್ಲಿ ಈಜು ಬಲ್ಲವರು ಒಬ್ಬರಾದರೂ ಇದ್ದಾರೇನೋ? ಗ್ಯಾಸ್ ಸಿಲಿಂಡರ್ ಹೊತ್ತುಕೊಂಡು ಸಾಯೋಕೆ ಹೋಗಿದ್ದೆಯಾ?" ಅಂತ ಚೆನ್ನಾಗಿ ಬೈದೆ. ಅವನು ಆರಿದ ಕಾಫಿ ಕುಡಿದು, ಮುಂದಿನ ವರ್ಷವೂ ಹೋದ. ಅದರ ಮುಂದಿನ ವರ್ಷವೂ ಹೋದ. ಒಟ್ಟು ಆರು ಸಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಹೊಟ್ಟೆಯಲ್ಲಿ ಗಂಟಿದೆ ಅಂತ ಗೊತ್ತಾಯಿತು. ಕೊಯಮತ್ತೂರಿನಲ್ಲಿ ಮೊದಲ ಸುತ್ತಿನ ಚಿಕಿತ್ಸೆ ಆಯಿತು. ಕ್ವಾರ್ಟರ್ಸಿನಲ್ಲಿ ಒಬ್ಬನೇ ಹೇಗೆ ಇರುತ್ತಾನೆ ಅಂತ ನಾನು ದೇವಾಲಕ್ಕೆ ಕರೆತಂದೆ. ಅಯ್ಯೋ, ಎಂಥಾ ಆಳು ಹೇಗಾಗಿಬಿಟ್ಟಿದ್ದ! ಪ್ಯಾಂಟು ನಿಲ್ಲಲಿ ಅಂತ ಬೆಲ್ಟಿಗೆ ನಾನೇ ಮೊಳೆ ಕಾಯಿಸಿ ಹೊಸ ತೂತು ಮಾಡಿಕೊಟ್ಟೆ. ಒಂದು ತಿಂಗಳಲ್ಲಿ ಇನ್ನೊಂದು ತೂತು ಮಾಡಬೇಕಾಯಿತು.

ಎರಡನೇ ಸುತ್ತಿಗೆ ಮೊದಲು ಎರಡು ತಿಂಗಳು ಬಿಡುವು ಅಂದರು ಡಾಕ್ಟರು. ಅದಾದ ಮೇಲೆ ಸಮುದ್ರದ ಮಾತೇ ಇಲ್ಲ ಅಂತಲೂ ಹೇಳಿದರು. ನನ್ನ ತಮ್ಮ ತನ್ನ ಜೀವಮಾನದಲ್ಲಿ ಯಾರನ್ನೂ ಏನನ್ನೂ ಬೇಡಿದವನಲ್ಲ. ಅವತ್ತು ಆ ಡಾಕ್ಟರ ಮುಂದೆ ಕೈ ಜೋಡಿಸಿದ. "ಒಂದೇ ಒಂದು ಸಲ ಸಾರ್" ಅಂದ. ಅವರು ನೀರಿಗೆ ಇಳಿಯಬಹುದು ಅಂತ ಕಾಗದ ಬರೆದು ಸಹಿ ಹಾಕಿದರು. ಒಂದೇ ಸಲ, ಹತ್ತು ಮೀಟರಿಗಿಂತ ಕೆಳಗೆ ಬೇಡ, ಏನೇ ಆದರೂ ಮೈ ತಣ್ಣಗಾಗಬಾರದು. ಮೈಮೇಲೆ ಕೊಬ್ಬೇ ಇಲ್ಲ, ಚಳಿ ಹಿಡಿದರೆ ತಡೆಯುವ ಶಕ್ತಿ ಇಲ್ಲ ಅಂತ ನನ್ನ ಕಡೆ ತಿರುಗಿ ಎರಡು ಸಲ ಹೇಳಿದರು.

ಬಸ್ಸಿನಲ್ಲಿ ಬರುವಾಗ ತಮ್ಮ ಅಂದ, "ನೀನೂ ಬಾ ಅಕ್ಕ. ನಮ್ಮ ಮನೆಯಲ್ಲಿ ಇನ್ನೊಬ್ಬರು ಅದನ್ನ ನೋಡಿರಬೇಕು." ಎಷ್ಟೋ ವರ್ಷದಿಂದ ಕರೆಯುತ್ತಿದ್ದ, ನಾನು ಬೈದು ಕಳಿಸುತ್ತಿದ್ದೆ. ಅವತ್ತು ಬೈಯಲು ಬಾಯಿ ಬರಲಿಲ್ಲ. ಹೂಂ ಅಂದೆ.

ಹೀಗೆ ನಮ್ಮ ಸಾಮಾನಿನ ಪುರಾಣ ಶುರುವಾಯಿತು. ನಾವು ಹೋಗಬೇಕಾಗಿದ್ದದ್ದು ಕೊಚ್ಚಿಯಿಂದಾಚೆ ಒಂದು ದ್ವೀಪಕ್ಕೆ. ಅಲ್ಲಿಗೆ ಹೋಗುವುದು ಸಣ್ಣ ವಿಮಾನ, ಒಬ್ಬರಿಗೆ ಹದಿನೈದು ಕಿಲೋದ ಒಂದು ಚೀಲ, ಕೈಯಲ್ಲೊಂದು ಪುಟ್ಟ ಬ್ಯಾಗು, ಅಷ್ಟೇ. ತಮ್ಮನ ಹತ್ತಿರ ಇದ್ದ ಹಳೇ ಸಾಮಾನು ಒಬ್ಬ ಗಟ್ಟಿ ಗಂಡಸು ಹೊರುವಂಥದ್ದು. ಅದನ್ನೆಲ್ಲ ಜೊತೆಯವನೊಬ್ಬನಿಗೆ ಕೊಟ್ಟುಬಿಟ್ಟ. "ಎಲ್ಲ ಹಗುರವಾದದ್ದು ಬೇಕು. ಮಡಚಿದರೆ ತಲೆದಿಂಬಿನಷ್ಟು ಆಗಬೇಕು, ನಾನೇ ಹೊರಬೇಕು" ಅಂದ. ಆ ಮಾತಿನಲ್ಲಿ ಹಟವಿತ್ತು. ಅವನಿಗೆ ಸ್ನಾನಕ್ಕೆ ಬಿಸಿನೀರಿನ ಬಕೆಟ್ ಎತ್ತಿಕೊಳ್ಳಲೂ ಆಗುತ್ತಿರಲಿಲ್ಲ ಆಗ.

ಚಳಿಗಾಲದ ಮಧ್ಯಾಹ್ನಗಳಲ್ಲಿ ಶೆಡ್ಡಿನ ಬಾಗಿಲ ಬಿಸಿಲಿಗೆ ಕುರ್ಚಿ ಹಾಕಿಕೊಂಡು, ಮಫ್ಲರ್ ಸುತ್ತಿಕೊಂಡು, ಫೋನಿನಲ್ಲಿ ಹುಡುಕುತ್ತ ಕೂರುತ್ತಿದ್ದ. ನಾನು ಎಲೆ ತೂಗುತ್ತ ತೂಗುತ್ತ ಅವನೊಂದಿಗೆ ಜಗಳ ಆಡುತ್ತಿದ್ದೆ. ಗಾಳಿ ತುಂಬುವ ಜಾಕೆಟ್ಟಿನಲ್ಲಿ ಬೆನ್ನಿಗೆ ಗಟ್ಟಿ ಹಲಗೆ ಇಲ್ಲದ್ದನ್ನು ಆರಿಸಿದ, ಸುರುಳಿ ಸುತ್ತಿದರೆ ಕಂಬಳಿಯ ಹಾಗೆ ಆಗುತ್ತಿತ್ತು. ಉಸಿರಾಡುವ ರೆಗ್ಯುಲೇಟರಿನಲ್ಲಿ ಕೊಳವೆ ದಪ್ಪ ರಬ್ಬರಿನದಲ್ಲ, ಹೆಣೆದ ದಾರದ ಹಾಗೆ ಬಳುಕುವಂಥದ್ದು. ಈಜಲು ಕಾಲಿಗೆ ಕಟ್ಟುವ, ಮೀನಿನ ರೆಕ್ಕೆಯಂಥ ಫಿನ್ಸ್ ಗಿಡ್ಡನೆಯದು, ಚೀಲದ ಉದ್ದಕ್ಕೆ ಸರಿಯಾಗಿ ಕೂರುವಂಥದ್ದು. ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕಿಗೆ ಚೌಕಟ್ಟಿಲ್ಲ, ಚಪ್ಪಟೆಯಾಗಿ ಮಡಚಿಕೊಳ್ಳುತ್ತಿತ್ತು. ಒಂದನ್ನು ನನಗೂ ತರಿಸಿದ. ತಲೆ ಹಿಂದೆ ಪಟ್ಟಿ ಹಾಕದೆ ಬರೀ ಮುಖಕ್ಕೆ ಒತ್ತಿ, "ಮೂಗಿನಿಂದ ಉಸಿರು ಎಳಕೋ, ಬೀಳಬಾರದು" ಅಂದ. ಮೊದಲು ತರಿಸಿದ್ದು ಬಿತ್ತು. ಎರಡನೆಯದೂ ಬಿತ್ತು. ಮೂರನೆಯದು ಅಂಟಿಕೊಂಡು ನಿಂತಿತು. ಎಲೆ ತಂದಿದ್ದ ಹೆಂಗಸರು ನನ್ನ ಮುಖ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮನೂ ನಕ್ಕ, ನಕ್ಕು ಕೆಮ್ಮಿದ. ಕಾಯಿಲೆ ಬಂದ ಮೇಲೆ ಅವನು ಅಷ್ಟು ನಕ್ಕಿದ್ದು ಅದೇ ಮೊದಲು, ನನಗೆ ಎಷ್ಟು ಸಂತೋಷವಾಯಿತೆಂದರೆ ಮಾಸ್ಕ್ ತೆಗೆಯದೆ ಎರಡು ಚೀಲ ತೂಗಿದೆ.

ಒಂದೇ ಒಂದು ಸಾಮಾನಿನಲ್ಲಿ ಅವನು ಹಗುರವಾದದ್ದನ್ನು ಬಿಟ್ಟು ಭಾರವಾದದ್ದನ್ನು ಆರಿಸಿದ. ಅದು ಸೂಟ್. ನೀರಿನಲ್ಲಿ ಮೈ ಬೆಚ್ಚಗಿರಲಿ ಅಂತ ಹಾಕಿಕೊಳ್ಳುವ ಕಪ್ಪು ರಬ್ಬರಿನ ಅಂಗಿ, ಕತ್ತಿನಿಂದ ಕಾಲಿನವರೆಗೆ. ಆ ಬೆಚ್ಚನೆಯ ಸಮುದ್ರಕ್ಕೆ ಉಳಿದವರು ತೆಳ್ಳಗಿನದು ಹಾಕುತ್ತಾರಂತೆ. ಇವನು ದಪ್ಪನೆಯದನ್ನು, ತನ್ನ ಈಗಿನ ಮೈಯ ಅಳತೆ ಕೊಟ್ಟು ಹೊಲಿಸಿದ. ಅಳತೆ ತೆಗೆದದ್ದು ನಾನೇ. ಎದೆ, ಸೊಂಟ, ತೊಡೆ. ಅಳತೆ ಬರೆದುಕೊಳ್ಳುತ್ತಾ ಅವನು, "ಹತ್ತನೇ ಕ್ಲಾಸಿನ ಯೂನಿಫಾರಂ ಹೊಲಿಸಿದಾಗ ಇಷ್ಟೇ ಇದ್ದೆ ಅಲ್ವಾ?" ಅಂದ. ಬಿಗಿಯಾಗಿ ಕೂರದಿದ್ದರೆ ನೀರು ಒಳಗೆ ಓಡಾಡಿ ಚಳಿ ಹಿಡಿಯುತ್ತದೆ, ಅದಕ್ಕೇ ಹೊಲಿಸಬೇಕು ಅಂತ ವಿವರಿಸಿದ. ಆ ಸೂಟ್ ಬಂದಾಗ ಎರಡು ಕಿಲೋ ಇತ್ತು.

ಇನ್ನೊಂದು ಜಗಳ ಟಾರ್ಚಿನ ಮೇಲೆ. ಹೆಬ್ಬೆರಳು ದಪ್ಪದ ಟಾರ್ಚು.

"ಇದ್ಯಾಕೋ? ಹಗಲು ಹೊತ್ತಲ್ಲೇ ಇಳಿಯೋದಲ್ವಾ?"

"ಕೆಳಗೆ ಹೋದ ಹಾಗೆಲ್ಲ ಮೊದಲು ಮಾಯ ಆಗೋದು ಕೆಂಪು, ಅಕ್ಕ. ಹತ್ತು ಮೀಟರಿನಲ್ಲಿ ಕೆಂಪು ಮೀನೂ ಕಂದು ಬಣ್ಣಕ್ಕೆ ಕಾಣುತ್ತೆ. ಟಾರ್ಚ್ ಬಿಟ್ಟರೆ ಮಾತ್ರ ಕೆಂಪು ಎದ್ದು ಬರುತ್ತೆ. ನೀನು ನೋಡಲಿ ಅಂತ ತಗೊಂಡೆ."

ನಾನು ಆಗ ಯಾರದೋ ಚೀಲದಲ್ಲಿ ಕಡ್ಡಿ ಜಾಸ್ತಿ ಇದೆ ಅಂತ ರೇಗಾಡುತ್ತಿದ್ದೆ. ಅರ್ಧ ಕಿವಿಯಲ್ಲಿ ಕೇಳಿಸಿಕೊಂಡೆ. "ಕೆಂಪು ನೋಡಬೇಕು ಅಂದರೆ ಹಿತ್ತಲಲ್ಲಿ ದಾಸವಾಳ ಇದೆ, ಅದಕ್ಕೆ ಅಷ್ಟು ದೂರ ಹೋಗಬೇಕಾ? ಹಗುರ ಹಗುರ ಅಂತ ಬಾಯಿ ಬಡಿದುಕೊಳ್ಳೋನು ನೀನೇ" ಅಂದು ಟಾರ್ಚನ್ನು ಕಿತ್ತುಕೊಂಡು ಶೆಡ್ಡಿನ ಮೇಜಿನ ಡ್ರಾಯರಿಗೆ ಎಸೆದೆ. ಅವನು ಮತ್ತೆ ಫೋನ್ ಕೈಗೆತ್ತಿಕೊಂಡ.

ಹೊರಡುವ ಹಿಂದಿನ ದಿನ ಚೀಲ ಕಟ್ಟಿದೆವು. ಅವನ ಚೀಲದಲ್ಲಿ ಸಾಮಾನು, ನನ್ನದರಲ್ಲಿ ಬಟ್ಟೆ, ಅವನ ಔಷಧಿ, ಅವನ ಹೊಟ್ಟೆಗೆ ಹಿಡಿಯುತ್ತಿದ್ದ ರಾಗಿ ಹಿಟ್ಟು, ಜೊತೆಗೆ ನನ್ನ ಮಾಸ್ಕು. ತಮ್ಮ ಒಂದೊಂದು ಸಾಮಾನಿನ ಡಬ್ಬದ ಮೇಲೆ ಬರೆದ ತೂಕವನ್ನು ಚೀಟಿಯಲ್ಲಿ ಗುರುತು ಹಾಕಿ ಕೂಡಿಸಿದ್ದ.

"ಹದಿನೇಳು ಬರುತ್ತೆ ಅಕ್ಕ. ಏನಾದರೂ ತೆಗೀಬೇಕು."

ನಾನು ಚೀಲವನ್ನು ಎತ್ತಿ ಕೊಕ್ಕೆಗೆ ಹಾಕಿದೆ. ಮುಳ್ಳು ಹೋಗಿ ಹದಿನೈದರ ಮೇಲೆ ನಿಂತಿತು. ಒಂದು ಗೆರೆ ಆಚೆ ಇಲ್ಲ, ಈಚೆ ಇಲ್ಲ.

"ನೋಡು!" ಅಂದೆ. "ಕಂಪನಿಯವರು ಬಾಯಿಗೆ ಬಂದದ್ದು ಬರೀತಾರೆ. ನನ್ನ ಕಾಟಾ ಸುಳ್ಳು ಹೇಳಲ್ಲ."

"ಲೆಕ್ಕ ಹಾಕಿ ನೋಡಿದೀನಲ್ಲ..."

"ಇಪ್ಪತ್ತು ವರ್ಷ ಇದನ್ನ ಓದ್ತಾ ಇದೀನಿ, ನನಗೆ ಹೇಳಿಕೊಡಬೇಡ."

ಫ್ಯಾಕ್ಟರಿಯಲ್ಲಿ ಗ್ರಾಮಿನ ಲೆಕ್ಕದಲ್ಲಿ ಮದ್ದು ತೂಗಿದವನು ಅವನು. ಒಂದು ಗ್ರಾಂ ಹೆಚ್ಚುಕಮ್ಮಿಯಾದರೆ ಏನಾಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಆದರೂ ನನ್ನ ಮುಖ ನೋಡಿ, ಚೀಟಿ ಮಡಚಿ ಜೇಬಿಗೆ ಇಟ್ಟುಕೊಂಡು, "ಸರಿ ಅಕ್ಕ, ನೀನು ಹೇಳಿದ ಮೇಲೆ ಮುಗೀತು" ಅಂದ. ನಾನು ನನ್ನ ಚೀಲವನ್ನೂ ತೂಗಿ ಹದಿನೈದಕ್ಕೆ ಸರಿಮಾಡಿದೆ.

ನಾಡುಕಾಣಿ ಘಾಟ್ ಇಳಿದು, ಬಾಡಿಗೆ ಕಾರಿನಲ್ಲಿ ಕೊಚ್ಚಿ ಮುಟ್ಟಿದೆವು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅವನ ಚೀಲ ಇಟ್ಟರು. ಹದಿನೇಳು. ನನ್ನದು ಇಟ್ಟರು. ಅದೂ ಹದಿನೇಳು. "ನಿಮ್ಮ ಮೆಶಿನ್ ಸರಿ ಇಲ್ಲ" ಅಂತ ನಾನು ಕೌಂಟರಿನ ಹುಡುಗಿಯ ಮೇಲೆ ಎಗರಿದೆ. ಅವಳು ಪಾಪ, ಪಕ್ಕದ ಮೆಶಿನ್ನಿನಲ್ಲೂ ಇಟ್ಟು ತೋರಿಸಿದಳು. ಹದಿನೇಳೇ. ಸರಿಯಾಗಿ ಎರಡು, ಎರಡು ಕಿಲೋ ಹೆಚ್ಚು.

ಆ ಎರಡು ಅನ್ನುವ ಅಂಕಿ ನೋಡಿದ ಕೂಡಲೇ ನನಗೆ ನನ್ನ ಕಾಟಾ ನೆನಪಾಯಿತು.

ನಮ್ಮ ಶೆಡ್ಡಿನಲ್ಲಿ ಒಂದು ರೂಢಿ. ಪ್ರತಿ ಚೀಲಕ್ಕೂ ಚೀಲದ ತೂಕ, ಎಲೆಯ ಒದ್ದೆ ಎಲ್ಲ ಸೇರಿ ಎರಡು ಕಿಲೋ ಕಳೆಯಬೇಕು ಅಂತ ಟೀ ಫ್ಯಾಕ್ಟರಿಯವರೂ ಬೆಳೆಗಾರರೂ ಕೂತು ಒಪ್ಪಿಕೊಂಡದ್ದು. ಪ್ರತಿ ಸಲ ಬಾಯಲ್ಲಿ ಕಳೆಯುವುದು ಯಾಕೆ ಅಂತ, ಕೆಲಸ ಶುರುಮಾಡಿದ ವರ್ಷವೇ ನಾನು ಮುಳ್ಳನ್ನು ಸೊನ್ನೆಗಿಂತ ಎರಡು ಕಿಲೋ ಹಿಂದಕ್ಕೆ ತಿರುಗಿಸಿ ಇಟ್ಟಿದ್ದೆ. ಎಲ್ಲರಿಗೂ ಗೊತ್ತಿದ್ದ ವಿಷಯ. ಇಪ್ಪತ್ತು ವರ್ಷದಲ್ಲಿ ನನಗೆ ಮಾತ್ರ ಮರೆತು ಹೋಗಿತ್ತು. ಹಿಂದಕ್ಕೆ ಸರಿದು ನಿಂತ ಆ ಮುಳ್ಳೇ ನನ್ನ ಕಣ್ಣಿಗೆ ಸೊನ್ನೆಯಾಗಿಬಿಟ್ಟಿತ್ತು. ಟೀ ಎಲೆ ಬಿಟ್ಟು ಬೇರೆ ಏನನ್ನಾದರೂ ಆ ಕಾಟಾದಲ್ಲಿ ತೂಗಿದ್ದರೆ ತಾನೇ ನೆನಪಾಗುವುದು!

ಸೀಟೆಲ್ಲ ತುಂಬಿದೆ, ಒಂದು ಕಿಲೋ ಕೂಡ ಹೆಚ್ಚು ಹಾಕೋಕಾಗಲ್ಲ ಅಂದಳು ಹುಡುಗಿ. ಕೈಚೀಲಗಳನ್ನೂ ತೂಗಿ ಆಗಿತ್ತು. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ನೆಲದ ಮೇಲೆ ಕೂತು ನನ್ನ ಚೀಲ ಬಿಚ್ಚಿ ಸೀರೆ ಎಳೆದೆ, ಹಪ್ಪಳ ಎಳೆದೆ, ಚಪ್ಪಲಿ ಎಳೆದೆ, ನಾಚಿಕೆಯಿಂದ ಕಣ್ಣು ಕತ್ತಲಿಟ್ಟಿತು. ತಲೆ ಎತ್ತುವ ಹೊತ್ತಿಗೆ ತಮ್ಮ ತನ್ನ ಚೀಲದಿಂದ ಸೂಟನ್ನು ತೆಗೆದು ಮಡಚಿ, ಹೊರಗಿದ್ದ ಕಾರಿನವರ ಕೈಗೆ ಕೊಟ್ಟು ಬಂದಾಗಿತ್ತು.

"ಏನೋ ಮಾಡಿದೆ? ಅದನ್ಯಾಕೋ ಕೊಟ್ಟೆ?"

"ಅಲ್ಲೇ ಬಾಡಿಗೆಗೆ ಸಿಗುತ್ತೆ ಅಕ್ಕ. ಬೇರೆ ಏನು ತೆಗೆದರೂ ಎರಡು ಕಿಲೋ ಆಗಲ್ಲ." ನನ್ನ ಕೈ ಹಿಡಿದು ಎಬ್ಬಿಸಿದ. "ನಾವು ಊಟಿ ಕಡೆಯವರು, ನಮಗೆ ಚಳಿ ಏನು ಮಾಡುತ್ತೆ?"

ನನ್ನ ಸೀರೆಗಳನ್ನೆಲ್ಲ ಅಲ್ಲೇ ಎಸೆದು ನನ್ನ ಚೀಲಕ್ಕೆ ಆ ಸೂಟ್ ತುರುಕಿಕೊಳ್ಳಬಹುದಿತ್ತು. ಇದು ನನಗೆ ಹೊಳೆದದ್ದು ವಿಮಾನ ಮೇಲಕ್ಕೆ ಏರಿ, ಕೆಳಗೆ ನೀರು ಕಾಣಿಸಿದ ಮೇಲೆ. ಸುಡುಗಾಡು ಬುದ್ಧಿ. ಇವತ್ತಿಗೂ ಸೀರೆ ಮಡಚುವಾಗ ಅದೇ ನೆನಪು.

ದ್ವೀಪದಲ್ಲಿ ನಮ್ಮನ್ನು ನೀರಿಗೆ ಇಳಿಸಬೇಕಾಗಿದ್ದವರು ನನ್ನ ವಯಸ್ಸಿನ ಒಬ್ಬರು, ಮೀಸೆ ನರೆತಿತ್ತು. ಅವರ ಮಲಯಾಳ ನನಗೆ ಅರ್ಥವಾಗುತ್ತಿತ್ತು, ದೇವಾಲದಲ್ಲಿ ಇದ್ದವರಿಗೆ ಅದೇನು ಕಷ್ಟವಲ್ಲ. ಡಾಕ್ಟರ ಕಾಗದ ಓದಿದರು. ಬಾಡಿಗೆ ಸೂಟುಗಳನ್ನು ಒಂದೊಂದಾಗಿ ತಮ್ಮನಿಗೆ ಹಾಕಿಸಿ ನೋಡಿದರು. ಎಲ್ಲವೂ ತೆಳ್ಳಗಿನವು. ಅತಿ ಚಿಕ್ಕದು ಹಾಕಿದರೂ ಕತ್ತಿನಲ್ಲಿ ನಾಲ್ಕು ಬೆರಳು ಒಳಗೆ ಹೋಗುತ್ತಿತ್ತು. ಅವರು ತಲೆ ಅಲ್ಲಾಡಿಸಿದರು. ತಮ್ಮ, "ಒಂದು ಸಲ ಪ್ರಯತ್ನ ಮಾಡೋಣ" ಅಂದ. ಆ ದನಿಯನ್ನು ಕೇಳಿ ಬೇಡ ಅನ್ನಲು ಯಾರಿಗೂ ಆಗುತ್ತಿರಲಿಲ್ಲ.

ದೋಣಿ ನಿಂತ ಕಡೆ ನೀರು ಎಷ್ಟು ತಿಳಿಯಾಗಿತ್ತು ಅಂದರೆ ದೋಣಿಯ ನೆರಳು ತಳದಲ್ಲಿ ಬಿದ್ದಿತ್ತು. ತಮ್ಮ ಹಿಂದಕ್ಕೆ ಬಾಗಿ ಬಿದ್ದ. ತಲೆ ಮೇಲೆ ಬಂತು. ಮಾಸ್ಕಿನೊಳಗಿಂದ ನನ್ನನ್ನು ನೋಡಿ ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ತೋರಿಸಿದ, ಎಲ್ಲ ಸರಿ ಅಂತ. ಅವನ ಹೊಸ ಜಾಕೆಟ್, ಹೊಸ ಕೊಳವೆ, ಎಲ್ಲ ಅಚ್ಚುಕಟ್ಟಾಗಿ ಕೂತಿದ್ದವು. ಇಬ್ಬರೂ ಇಳಿದರು. ಗುಳ್ಳೆಗಳು ಮೇಲೆ ಬಂದವು. ನಾನು ದೋಣಿಯ ಅಂಚು ಹಿಡಿದು ನಮ್ಮ ಹಟ್ಟಿಯ ದೇವರನ್ನೆಲ್ಲ ಕರೆದೆ.

ಐದು ನಿಮಿಷ ಆಗಿರಲಿಲ್ಲ, ಇಬ್ಬರೂ ಮೇಲೆ ಬಂದರು. ತಮ್ಮನ ದವಡೆ ಹೊಡೆದುಕೊಳ್ಳುತ್ತಿತ್ತು. ತುಟಿ ನೀಲಿಯಾಗಿತ್ತು. ಉಸಿರಾಡುವ ಕೊಳವೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಲು ಆಗದಷ್ಟು ನಡುಕ. ದೋಣಿಗೆ ಎಳೆದುಕೊಂಡು, ಇದ್ದ ಬಟ್ಟೆಯೆಲ್ಲ ಸುತ್ತಿ, ನಾನು ಅವನನ್ನು ತಬ್ಬಿಕೊಂಡು ಕೂತೆ. ಮೂರು ಮೀಟರಿನಷ್ಟೇ ಇಳಿದಿದ್ದರಂತೆ. ಸುಡುವ ಬಿಸಿಲು, ನನ್ನ ಮೈಯೆಲ್ಲ ಬೆವರು, ನನ್ನ ತೋಳಿನಲ್ಲಿ ಅವನು ನಡುಗುತ್ತಲೇ ಇದ್ದ.

"ಸೂಟ್ ಸರಿ ಇದ್ದಿದ್ದರೆ ಆಗುತ್ತಿತ್ತು ಚೇಚಿ," ಅಂದರು ಆ ಮೀಸೆಯವರು ಮೆಲ್ಲಗೆ, ತಮ್ಮ ಭಾಷೆಯಲ್ಲಿ ಅಕ್ಕ ಅಂತ ಕರೆದು. "ಈಗ ಬೇಡ. ನಾಳೆಯೂ ಬೇಡ."

ಅವರಿಗೆ ಏನು ಗೊತ್ತಿತ್ತು ಪಾಪ. ನನಗೆ ಆ ಮಾತು ಕೆನ್ನೆಗೆ ಹೊಡೆದ ಹಾಗಾಯಿತು.

ನಡುಕ ನಿಂತ ಮೇಲೆ ತಮ್ಮ ಹೇಳಿದ ಮೊದಲ ಮಾತು, "ಅಕ್ಕ, ಈಗ ನೀನು ಹೋಗು."

"ಮುಚ್ಚೋ ಬಾಯಿ. ನಾನೆಲ್ಲೂ ಹೋಗಲ್ಲ."

"ಒಬ್ಬರಾದರೂ ನೋಡಬೇಕಲ್ಲ. ನೋಡಿ ಬಂದು ನನಗೆ ಹೇಳು."

ಹೋದೆ. ಅವನು ಕೇಳಿದ ಮೇಲೆ ಹೋಗದೆ ಇರಲು ಯಾವ ಮುಖ ಇತ್ತು ನನಗೆ? ಅವನೇ ನನ್ನ ಮಾಸ್ಕಿನ ಪಟ್ಟಿ ಸರಿಮಾಡಿದ. ಆ ಮೀಸೆಯವರು ನನ್ನ ಬೆನ್ನಿಗೆ ಸಿಲಿಂಡರ್ ಕಟ್ಟಿ, ಕೈ ಹಿಡಿದು ಇಳಿಸಿದರು, ಬೆರಳಲ್ಲಿ ಕೇಳಿದಾಗಲೆಲ್ಲ ಸರಿ ಸರಿ ಅಂತ ತೋರಿಸಿದೆ. ಅವರ ಕೈಗಡಿಯಾರದಲ್ಲಿ ಹತ್ತು ಅಂತ ಅಂಕಿ ಬಂದದ್ದನ್ನು ನೋಡಿದೆ. ನಾನು ನೋಡಿದ್ದು ಅಷ್ಟೇ. ಸತ್ಯವಾಗಿ ಹೇಳುತ್ತೇನೆ, ಬೇರೇನೂ ನೋಡಲಿಲ್ಲ. ಮಾಸ್ಕಿನೊಳಗೆ ಅಳುತ್ತಿದ್ದೆ. ಕಣ್ಣು ಬಿಟ್ಟರೆ ಅವರ ಕೈ, ಮುಚ್ಚಿದರೆ ನನ್ನ ಕಾಟಾ. ಅವರು ಅತ್ತ ಇತ್ತ ತೋರಿಸುತ್ತಿದ್ದರು, ನಾನು ಕಣ್ಣು ಮುಚ್ಚಿಕೊಂಡು ತಲೆ ಅಲ್ಲಾಡಿಸುತ್ತಿದ್ದೆ. ತಮ್ಮ ಹೇಳಿದ ಹಾಗೆ ನನ್ನ ಉಸಿರೊಂದೇ ಕೇಳಿಸುತ್ತಿತ್ತು, ಅದು ಅಳುವಿನ ಉಸಿರು.

ಮೇಲೆ ಬಂದಾಗ ಅವನು ಟವೆಲ್ಲಿನ ಮಧ್ಯದಿಂದ ಮುಖ ಮಾತ್ರ ಹೊರಗಿಟ್ಟು ಕಾಯುತ್ತಿದ್ದ.

"ನೋಡಿದೆಯಾ?"

"ನೋಡಿದೆ ಕಣೋ."

"ಏನು ನೋಡಿದೆ? ಹೇಳು, ಹೇಳು."

"ಅಯ್ಯೋ, ಏನು ಮೀನು! ಒಂದು ಹಿಂಡು ಬಂತು, ದಾಸವಾಳದ ಹಾಗೆ ಕೆಂಪು. ಅಚ್ಚ ಕೆಂಪು. ನನ್ನ ಮೂಗಿನ ಮುಂದೇ ತಿರುಗಿ ಹೋಯಿತು."

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಮುಖ ಅರಳಿತು. "ಕೆಂಪಾ?" ಅಂದ. "ಎಷ್ಟಿದ್ದವು?" ನನ್ನ ಬಾಯಿಗೆ ಕೇಳಬೇಕೇ, ಇನ್ನೂರು ಅಂದೆ. ಬಾಲ ಹೀಗಿತ್ತು, ಕಣ್ಣು ಹಾಗಿತ್ತು ಅಂತ ದಡ ಮುಟ್ಟುವವರೆಗೂ ಹೇಳಿದೆ. ಅವನು ಒಂದೊಂದಕ್ಕೂ ಹೂಂ ಹೂಂ ಅಂದ.

ಊರಿಗೆ ಬಂದೆವು. ಕಾರಿನವರು ಸೂಟನ್ನು ಜೋಪಾನವಾಗಿ ಮನೆಗೆ ತಂದುಕೊಟ್ಟರು, ನಾನು ಅದನ್ನು ಬೀರುವಿನಲ್ಲಿ ನೇತುಹಾಕಿದೆ. ಎರಡನೇ ಸುತ್ತಿನ ಚಿಕಿತ್ಸೆ ಶುರುವಾಯಿತು. ಅದು ಅವನಿಗೆ ಹಿಡಿಯಲಿಲ್ಲ. ಅವನು ಒಂದು ದಿನವೂ ಆ ಎರಡು ಕಿಲೋದ ಮಾತು ತೆಗೆಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಒಂದು ದಿನ ಗಂಜಿ ಕುಡಿಸುತ್ತಾ ನಾನೇ ತಡೆಯಲಾರದೆ, "ನನ್ನಿಂದ ಆಯಿತು ಕಣೋ, ನನ್ನ ಜಂಬದಿಂದ ಆಯಿತು" ಅಂದೆ.

"ಆ ಮೀನಿನ ವಿಷಯ ಹೇಳು ಅಕ್ಕ," ಅಂದ.

ಹೇಳಿದೆ. ದಿನಾ ಕೇಳುತ್ತಿದ್ದ. ನೋಡಲು ಬಂದವರಿಗೆಲ್ಲ, "ನಮ್ಮಕ್ಕ ಹತ್ತು ಮೀಟರ್ ಕೆಳಗೆ ಇಳಿದು ಕೆಂಪು ಮೀನು ನೋಡಿಬಂದಿದ್ದಾಳೆ, ಕೇಳಿ" ಅನ್ನುತ್ತಿದ್ದ. ನಾನು ಹೇಳುತ್ತಿದ್ದೆ, ಹೇಳಿ ಹೇಳಿ ಇನ್ನೂರು ಮೀನು ಐನೂರಾಯಿತು. ನನಗೇ ಕಂಡಿದ್ದೆ ಅನ್ನಿಸತೊಡಗಿತು. ಕೊನೆಕೊನೆಗೆ ಅವನಿಗೆ ದನಿ ಏಳುತ್ತಿರಲಿಲ್ಲ, ಬೆರಳು ಸೇರಿಸಿ ತೋರಿಸುತ್ತಿದ್ದ, ಸರಿ ಅಂತ. ದನಿ ಇದ್ದ ಕೊನೆಯ ದಿನಗಳಲ್ಲಿ ಒಂದು ಸಲ, ನಾನು ಹೇಳಿ ಮುಗಿಸಿದ ಮೇಲೆ, ಕಣ್ಣು ಮುಚ್ಚಿಕೊಂಡೇ ನಕ್ಕು, "ಅದು ನಿನ್ನೊಬ್ಬಳಿಗೇ ಕಂಡ ಮೀನು ಅಕ್ಕ" ಅಂದ. ಹೊಗಳುತ್ತಿದ್ದಾನೆ ಅಂದುಕೊಂಡೆ.

ಜೂನಿನ ಮಳೆ ಹಿಡಿದ ವಾರ ಅವನು ಹೋದ. ಹಟ್ಟಿಗೆ ಕರೆದುಕೊಂಡು ಹೋದೆವು. ನಮ್ಮಲ್ಲಿ ಹೋದವರ ಜೊತೆಗೆ ಅವರು ಬಳಸುತ್ತಿದ್ದ ಸಾಮಾನು ಇಡುತ್ತಾರೆ, ಊರುಗೋಲೋ, ಕೊಡೆಯೋ, ಕಂಬಳಿಯೋ. ಏನಿಡೋಣ ಅಂತ ಹಿರಿಯರು ಕೇಳಿದಾಗ ನಾನು ಆ ಕಪ್ಪು ಸೂಟನ್ನು ತಂದು ಅವನ ಮೈಮೇಲೆ ಹೊದಿಸಿದೆ. ಇದೇನು ರಬ್ಬರು, ಇದನ್ನ ಇಡಬಹುದಾ ಅಂತ ಗುಸುಗುಸು ಎದ್ದಿತು. "ಅವನಿಗೆ ಚಳಿ ತಡೆಯಲ್ಲ. ಯಾರೂ ಮಾತಾಡಬೇಡಿ" ಅಂದೆ. ಕತ್ತಿನ ಹತ್ತಿರ ಮುಟ್ಟಿ ನೋಡಿದೆ, ಆ ಹೊತ್ತಿಗೆ ಅದೂ ಅವನಿಗೆ ದೊಡ್ಡದಾಗಿತ್ತು.

ಹದಿನೈದು ದಿನ ಕಳೆದು ಶೆಡ್ ತೆಗೆದೆ. ಮೊದಲು ಮಾಡಿದ ಕೆಲಸ, ಕಾಟಾದ ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಿದ್ದು. ಇನ್ನು ಮೇಲೆ ಎರಡು ಕಿಲೋವನ್ನು ಬಾಯಲ್ಲೇ ಕಳೆಯುತ್ತೇನೆ ಅಂತ ಎಲ್ಲರಿಗೂ ಹೇಳಿದೆ. ಒಬ್ಬರು ವಯಸ್ಸಾದ ಬೆಳೆಗಾರರು ಚೀಲ ಇಳಿಸಿ ಕೊಕ್ಕೆಗೆ ಸಿಕ್ಕಿಸಿದರು. ಬರೆದುಕೊಳ್ಳಲು ಪೆನ್ನು ಬೇಕು ಅಂತ ಮೇಜಿನ ಡ್ರಾಯರ್ ಎಳೆದೆ.

ಟಾರ್ಚ್ ಉರುಳಿಕೊಂಡು ಮುಂದೆ ಬಂತು.

ಕೈಗೆತ್ತಿಕೊಂಡೆ. ಒತ್ತಿದರೆ ಹತ್ತಿತು. ಆವತ್ತು ಅರ್ಧ ಕಿವಿಯಲ್ಲಿ ಕೇಳಿದ್ದ ಮಾತು ಈಗ ಪೂರ್ತಿ ಕೇಳಿಸಿತು. ಹತ್ತು ಮೀಟರಿನಲ್ಲಿ ಕೆಂಪು ಮೀನೂ ಕಂದು ಬಣ್ಣಕ್ಕೆ ಕಾಣುತ್ತೆ. ಟಾರ್ಚ್ ಬಿಟ್ಟರೆ ಮಾತ್ರ ಕೆಂಪು ಎದ್ದು ಬರುತ್ತೆ. ಆರು ಸಲ ಅಲ್ಲಿಗೆ ಇಳಿದವನು ಅವನು. ಟಾರ್ಚ್ ಈ ಡ್ರಾಯರಿನಲ್ಲಿ ಬಿದ್ದಿದೆ ಅಂತ ಅವನಿಗೆ ಗೊತ್ತಿತ್ತು. ದೋಣಿಯಲ್ಲಿ ನಾನು ಕೆಂಪು ಅಂದ ಆ ಗಳಿಗೆಯಲ್ಲೇ ಅವನಿಗೆ ತಿಳಿದಿತ್ತು, ನಾನು ಏನೂ ನೋಡಿಲ್ಲ ಅಂತ. ತನ್ನ ಕೊನೆಯ ಸಮುದ್ರವನ್ನು ನನಗೆ ಕೊಟ್ಟು ಕಳಿಸಿದ್ದ, ನಾನು ಬರಿಗೈಯಲ್ಲಿ ವಾಪಸು ಬಂದಿದ್ದೆ. ನಾಲ್ಕು ತಿಂಗಳು, ದಿನಾ, ನನ್ನ ಬಾಯಿಂದ ಆ ಸುಳ್ಳನ್ನು ಹೇಳಿಸಿಕೊಂಡು ಹೂಂ ಅಂದ. ಅವನಿಗೆ ಬೇಕಾಗಿದ್ದದ್ದು ಮೀನಲ್ಲ. ಆ ಎರಡು ಕಿಲೋವನ್ನು ನಾನು ಹೊತ್ತುಕೊಂಡು ಕೂರಬಾರದು, ಅಷ್ಟೇ ಅವನಿಗೆ ಬೇಕಾಗಿತ್ತು.

"ಏನಮ್ಮಾ, ಎಷ್ಟಾಯ್ತು?" ಅಂತ ಆ ಹಿರಿಯರು ಕೇಳಿದರು.

ತಲೆ ಎತ್ತಿ ನೋಡಿದೆ. ಕಣ್ಣು ತುಂಬಿ ಮುಳ್ಳು ಎಲ್ಲಿದೆ ಅಂತ ಕಾಣಿಸಲಿಲ್ಲ. "ನೀವೇ ಓದಿ ಹೇಳಿ" ಅಂದೆ. ಇಪ್ಪತ್ತು ವರ್ಷದಲ್ಲಿ ನಾನು ಯಾರಿಗೂ ಹಾಗೆ ಹೇಳಿದವಳಲ್ಲ. ಅವರು ಕನ್ನಡಕ ಏರಿಸಿಕೊಂಡು ಕಾಟಾದ ಹತ್ತಿರ ಹೋಗಿ ಬಗ್ಗಿ ಓದಿದರು. ಅವರು ಹೇಳಿದ್ದನ್ನೇ ಬರೆದುಕೊಂಡೆ.